‘ಎಳೀತದ್ರಿ ಸರ’ ಅನ್ನೋ ಒಂದು ಮಾತಿಗೆ ಹನ್ನೊಂದೂವರೆ ಲಕ್ಷ ಕೊಟ್ಟವನ ಕಥೆ

ಪುಣೆ, ಮುಂಬೈ ಕಡೆ ಇದ್ದುಕೊಂಡು ದೊಡ್ಡ ಕ್ಯಾಂಪರ್ ಟ್ರೈಲರ್ (ಗಾಡಿ ಹಿಂದೆ ಕಟ್ಟಿ ಎಳೆಯೋ ಚಕ್ರದ ಮನೆ) ಎಳೆಯೋಕೆ ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕ್ತಿರೋರು ಯಾರಾದರೂ ಇದ್ದರೆ, ಟೋಕನ್ ದುಡ್ಡು ಕೊಡೋ ಮೊದಲು ಇದನ್ನು ಓದಿಬಿಡಿ. ಬರೆಯೋಕೆ ನಾಚಿಕೆ ಆಗ್ತಿದೆ. ಎಕ್ಸೆಲ್ ಶೀಟ್ ಮಾಡದೆ ಒಂದು ಕುಕ್ಕರ್ ಕೂಡ ಕೊಂಡವನಲ್ಲ ನಾನು. ಅಂಥವನು ಹನ್ನೊಂದೂವರೆ ಲಕ್ಷ ರೂಪಾಯಿಯ ಗಾಡಿಯನ್ನು ಒಂದು ಮಾತಿನ ಮೇಲೆ ಕೊಂಡೆ. ‘ಎಳೀತದ್ರಿ ಸರ.’ ಅಷ್ಟೇ ಮಾತು.

ಮಾತಾಡಿದವನು ನಮ್ಮವನೇ. ಅದೇ ಹೆಚ್ಚು ಉರಿಯೋದು. ಪಿಂಪ್ರಿ ಕಡೆಯ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರಿ. ನಾನು ಫೋನಿನಲ್ಲಿ ಹೆಂಡತಿ ಜೊತೆ ಕನ್ನಡ ಮಾತಾಡೋದು ಕೇಳಿ, ‘ಧಾರವಾಡ ಕಡೆಯವ್ರೇನ್ರಿ?’ ಅಂದ. ಆಮೇಲೆ ಚಹಾ ಬಂತು, ಮಿರ್ಚಿ ಬಂತು, ‘ನಮ್ಮ ಮಂದಿಗೆ ಸುಳ್ಳು ಹೇಳಿ ಎಲ್ಲಿ ಹೋಗ್ಲಿರಿ’ ಅನ್ನೋದೂ ಬಂತು. ಹದಿನಾಲ್ಕು ವರ್ಷ ಪುಣೆಯಲ್ಲಿದ್ದವನಿಗೆ ಪರಊರಲ್ಲಿ ‘ರೀ’ ಅಂತ ಕೇಳಿಸಿದ ಕೂಡಲೇ ಬುದ್ಧಿ ಅರ್ಧ ಕೆಲಸ ನಿಲ್ಲಿಸುತ್ತೆ. ಉಳಿದರ್ಧ ಮಿರ್ಚಿ ತಿಂದಮೇಲೆ ನಿಂತಿತು.

ಟ್ರೈಲರ್ ಆಗಲೇ ಆರ್ಡರ್ ಆಗಿತ್ತು. ಭೋಸರಿ ಕಡೆಯ ಫ್ಯಾಬ್ರಿಕೇಟರ್ ಒಬ್ಬ ಮಾಡಿಕೊಡ್ತಿದ್ದ: ನಾಲ್ಕು ಜನ ಮಲಗೋ ಜಾಗ, ಅಡುಗೆ ಕಟ್ಟೆ, ಎಸಿ, 120 ಲೀಟರಿನ ನೀರಿನ ಟ್ಯಾಂಕ್, ಎರಡು ಬ್ಯಾಟರಿ. ತೂಕ ಎಷ್ಟು ಅಂದರೆ ‘ಒಂದೂವರೆ ಟನ್, ಜಾಸ್ತಿ ಅಂದ್ರೆ’ ಅಂದಿದ್ದ. ಈ ವ್ಯಾಪಾರಿಯ ನಂಬರ್ ಕೊಟ್ಟಿದ್ದೂ ಅವನೇ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣೋರು ಅಂತ ಗೊತ್ತಾಗಿದ್ದು ಉಂಡು ಕೈ ತೊಳೆದ ಮೇಲೆ.

ನಾನು ಪೂರ್ತಿ ದಡ್ಡನಲ್ಲ, ಪ್ರಶ್ನೆ ಕೇಳಿದ್ದೆ. ಈ ಗಾಡಿ ಎಷ್ಟು ಎಳೆಯಬಹುದು ಅಂತ ಕಂಪನಿ ಕೈಪಿಡಿಯಲ್ಲಿ ಬರೆದಿದೆಯಾ ಅಂತ ಕೇಳಿದೆ. ಉತ್ತರ: ‘ಸರ, ಆಸ್ಟ್ರೇಲಿಯಾದಾಗ ಇಂಥಾ ಗಾಡಿಗಳು ಮೂರೂವರೆ ಟನ್ ಎಳೀತಾವು. ಅಲ್ಲಿ ಎಳೆಯೂದು ಇಲ್ಲಿ ಎಳೆಯೂದಿಲ್ಲೇನು?’ ಇದು ಅರ್ಧ ನಿಜ. ಅಲ್ಲಿ ಇಂಥ ಹಲವು ಡಬಲ್ ಕ್ಯಾಬ್ (ಎರಡು ಸಾಲು ಸೀಟಿನ) ಪಿಕಪ್‌ಗಳಿಗೆ 3,500 ಕೆಜಿ ಎಳೆಯೋ ಸಾಮರ್ಥ್ಯ ಬರೆದಿರೋದು ಹೌದು. ಆದರೆ ಅದು ಟ್ರೈಲರಿಗೆ ಅದರದೇ ಬ್ರೇಕ್ ಇದ್ದಾಗ. ಬ್ರೇಕ್ ಇಲ್ಲದ ಟ್ರೈಲರ್ ಆದರೆ ಅದೇ ಗಾಡಿಗೆ 750 ಕೆಜಿ. ಈ ಎರಡನೇ ಅಂಕಿ ಅವನ ಬಾಯಲ್ಲಿ ಬರಲಿಲ್ಲ, ನನ್ನ ಎಕ್ಸೆಲ್ ಶೀಟಿನಲ್ಲೂ ಇರಲಿಲ್ಲ.

ಟಾರ್ಕ್, ಅಂದರೆ ಇಂಜಿನ್ನಿನ ತಿರುಗಿಸೋ ಬಲ, ಕೇಳಿದೆ. ಟೊಯೊಟಾ ಹೈಲಕ್ಸ್ ಪಿಕಪ್‌ನ 2.8 ಲೀಟರ್ ಆಟೊಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್ ಇದೆ, ಇದರಲ್ಲಿ ಅದರ ಮೂರನೇ ಎರಡು ಭಾಗವೂ ಇಲ್ಲವಲ್ಲ ಅಂದೆ. ಅದಕ್ಕೆ ಅವನು ಅಂದ ಮಾತು ನನಗೆ ಈಗಲೂ ಕನಸಲ್ಲಿ ಬರುತ್ತೆ: ‘ಕಬ್ಬಿನ ಟ್ರ್ಯಾಕ್ಟರ್ ನೋಡೀರಿಲ್ರೀ? ಹಿಂದ ಎರಡು ಟ್ರೈಲರ್ ಕಟ್ಕೊಂಡು ಫ್ಯಾಕ್ಟರಿಗೆ ಹೊಂಟಿರ್ತದ. ನಿಮ್ಮದೊಂದು ಡಬ್ಬಿ ಎಳೆಯೂದು ಏನ್ ಮಹಾ?’ ನಾನು ನಕ್ಕೆ. ನಕ್ಕು ಐವತ್ತು ಸಾವಿರ ಟೋಕನ್ ಕೊಟ್ಟೆ. ಕಬ್ಬಿನ ಟ್ರ್ಯಾಕ್ಟರ್ ಸಾತಾರಾ ದಾರಿಯ ಖಂಬಾಟಕಿ ಘಾಟ್ ಹತ್ತಿ 80ರ ವೇಗದಲ್ಲಿ ಧಾರವಾಡಕ್ಕೆ ಹೋಗಲ್ಲ ಅಂತ ಆಗ ಹೊಳೀಲಿಲ್ಲ.

ಟ್ರೈಲರ್ ಸಿಕ್ಕಿಸೋ ಹಿಚ್ ಹಾಕಿಸಿಕೊಟ್ಟಿದ್ದೂ ಅವನೇ, 38,000 ತಗೊಂಡು. ಏಳು ಪಿನ್ನಿನ ಸಾಕೆಟ್, ‘ಬ್ರೇಕ್ ಕನೆಕ್ಷನ್ ಸಮೇತ’. ಟ್ರೈಲರ್ ಕಟ್ಟಿ ಓಡಿಸಿ ನೋಡ್ತೀನಿ ಅಂದರೆ ಇಲ್ಲಿ ಜಾಗ ಇಲ್ಲ ಅಂದ. ಬೈಪಾಸಿನ ಸರ್ವಿಸ್ ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿ, ಎಸಿ ತಣ್ಣಗಿದೆ ಅಂತ ಸಂತೋಷಪಟ್ಟು ಬಂದೆ. ಪಿಕಪ್ ಕೊಳ್ಳೋಕೆ ಹೋದವನು ಎಸಿ ನೋಡಿದೆ!

ಊರಿಗೆ ಫೋನ್ ಮಾಡಿ ಅವ್ವಂಗೆ ಹೇಳಿದೆ, ಈ ಸಲ ಮನೆ ಸಮೇತ ಬರ್ತೀನಿ, ಅಲ್ಲಿಂದ ಎಲ್ಲರೂ ದಾಂಡೇಲಿಗೆ ಅಂತ. ಸೊಸೈಟಿಯವರೆಲ್ಲ ಬಂದು ಫೋಟೊ ತೆಗೆಸಿಕೊಂಡರು. ಬೆಳಗಿನ ಐದಕ್ಕೆ ಹೊರಟೆವು, ನಾನು, ಹೆಂಡತಿ, ಇಬ್ಬರು ಮಕ್ಕಳು.

ಹೊಸ ಕಾತ್ರಜ್ ಸುರಂಗಕ್ಕೆ ಹತ್ತುವಾಗಲೇ ಎರಡನೇ ಗೇರು. ಸಿಮೆಂಟ್ ಲಾರಿಯವನು ಹಾರ್ನ್ ಹೊಡೆದು ಮುಂದೆ ಹೋದ. ಹೊಸ ಗಾಡಿ, ಅಭ್ಯಾಸ ಇಲ್ಲ ಅಂದುಕೊಂಡೆ. ಸುರಂಗ ದಾಟಿ ಖೇಡ್ ಶಿವಾಪುರದ ಕಡೆ ಇಳಿಯುವಾಗ ವೇಗ 70 ಆಗಿತ್ತು ಅಷ್ಟೇ, ಹಿಂದಿನಿಂದ ಯಾರೋ ಗಾಡಿಯ ಸೊಂಟ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕನ್ನಡಿಯಲ್ಲಿ ಟ್ರೈಲರ್ ಒಮ್ಮೆ ಈ ಕಡೆ ಕಾಣುತ್ತೆ, ಒಮ್ಮೆ ಆ ಕಡೆ. ಬ್ರೇಕ್ ಒತ್ತಿದೆ, ಇನ್ನೂ ಜಾಸ್ತಿ ಆಯಿತು. ಮಗಳು ಹಿಂದಿನಿಂದ ‘ಅಪ್ಪಾ, ಮನೆ ಕುಣೀತಿದೆ’ ಅಂದಳು. ಕಾಲು ತೆಗೆದೆ, ತಾನೇ ನಿಧಾನ ಆಯಿತು, ಬದುಕಿದೆವು. ಆಗಲೇ ವಾಪಸ್ ಬರಬೇಕಿತ್ತು. ಬರಲಿಲ್ಲ. ಸೊಸೈಟಿಯವರಿಗೆ ಏನು ಮುಖ ತೋರಿಸೋದು ಅಂತ 40ರಲ್ಲಿ ಓಡಿಸ್ತಾ ಮುಂದೆ ಹೋದೆ. ಹೌದು, ಮಕ್ಕಳನ್ನು ಕೂರಿಸಿಕೊಂಡು.

ಖಂಬಾಟಕಿ ಘಾಟ್ ಅರ್ಧ ಹತ್ತುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಮೇಲೆ, ಕ್ಲಚ್ ಸುಟ್ಟ ವಾಸನೆ ಒಳಗೆ. ನಿಲ್ಲಿಸಿದರೆ ಗಾಡಿ ಹಿಂದಕ್ಕೆ ಜಾರುತ್ತೆ. ಹ್ಯಾಂಡ್‌ಬ್ರೇಕ್ ಹಿಡಿಯಲ್ಲ. ಹೆಂಡತಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು. ಆ ಹೊತ್ತಿನಲ್ಲಿ ಅವಳು ನನ್ನ ಮುಖ ನೋಡಿದ ರೀತಿಯನ್ನು ಇಲ್ಲಿ ಬರೆಯಲ್ಲ.

ಶಿರವಳದಿಂದ ಮೆಕ್ಯಾನಿಕ್ ಬಂದ. ಚಿಕ್ಕ ಹುಡುಗ. ರೇಡಿಯೇಟರ್ ನೋಡಿದ, ಕ್ಲಚ್ ಮೂಸಿದ, ಆಮೇಲೆ ಹಿಂದೆ ಹೋಗಿ ಆ ಏಳು ಪಿನ್ನಿನ ಸಾಕೆಟ್ ಬಿಚ್ಚಿದ. ಬಿಚ್ಚಿ ನನ್ನನ್ನು ಕರೆದು ಟಾರ್ಚ್ ಹಿಡಿದ. ‘ಸಾಹೇಬ್, ಬ್ರೇಕಚೀ ವಾಯರಚ್ ನಾಹೀ.’ ಬ್ರೇಕಿನ ವೈರೇ ಇಲ್ಲ.

ಇಂಡಿಕೇಟರ್ ವೈರ್ ಇತ್ತು, ಟೇಲ್ ಲೈಟಿನದು ಇತ್ತು. ಬ್ರೇಕಿನ ಪಿನ್ ಖಾಲಿ. ಟ್ರೈಲರ್ ಚಕ್ರದಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇರೋದು ನಿಜ, ಫ್ಯಾಬ್ರಿಕೇಟರ್ ಅದಕ್ಕೆ ಬಿಲ್ ಹಾಕಿದ್ದೂ ನಿಜ. ಆದರೆ ಅದಕ್ಕೆ ಕರೆಂಟ್ ಕಳಿಸೋಕೆ ಡ್ರೈವರ್ ಹತ್ತಿರ ಒಂದು ಬ್ರೇಕ್ ಕಂಟ್ರೋಲರ್ ಇರಬೇಕು. ಅದೇ ಇರಲಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಅವನು ತೋರಿಸಿದ್ದ ಆ ಪುಟ್ಟ ಕಪ್ಪು ಡಬ್ಬಿ ರಿವರ್ಸ್ ಕ್ಯಾಮೆರಾದ್ದು! ಕ್ಯಾಮೆರಾದ್ದು! ಅದನ್ನು ಬೆರಳಿಂದ ತಟ್ಟಿ ‘ಇಲ್ಲೇ ಐತ್ರಿ ಎಲ್ಲಾ’ ಅಂದಿದ್ದ. ನಾನು ತಲೆಯಾಡಿಸಿದ್ದೆ. ಆ ತಲೆಯಾಡಿಸಿದ್ದು ನೆನಪಾಗಿ ಘಾಟಿನ ಬದಿಯಲ್ಲಿ ಹಾಗೇ ಕೂತೆ.

ಹುಡುಗ ಹಿಚ್ ಕೂಡ ತೋರಿಸಿದ. ಚಾಸಿಸ್‌ಗೆ ಬೋಲ್ಟ್ ಹಾಕಿಲ್ಲ, ಬಂಪರ್ ಬ್ರಾಕೆಟ್ಟಿಗೆ ವೆಲ್ಡಿಂಗ್, ಮೇಲೆ ಕಪ್ಪು ಬಣ್ಣ. ಹಿಚ್ಚಿನ ಚೆಂಡು 50 ಎಂಎಂದು, ಅದರ ಮೇಲೆ ಕೂರೋ ಟ್ರೈಲರಿನ ಕಪ್ಲರ್ ಎರಡು ಇಂಚಿನದು, ಅಂದರೆ 50.8. ಒಂದು ಮಿಲಿಮೀಟರೂ ಇಲ್ಲ ಅಂತೀರಿ. ಆ ಸಂದಿನಲ್ಲೇ ಕಟಕಟ ಬಡಿದು ಚೆಂಡಿನ ಮೇಲೆ ಆಗಲೇ ಗೀರು ಬಿದ್ದಿತ್ತು.

ಘಾಟ್ ಒನ್ ವೇ, ಅಲ್ಲಿಂದಲೇ ತಿರುಗಿಸೋ ಹಾಗಿಲ್ಲ. ಇಂಜಿನ್ ತಣ್ಣಗಾದ ಮೇಲೆ ಮೊದಲ ಗೇರಿನಲ್ಲಿ ಹತ್ತಿ, ಸುರೂರಿನಲ್ಲಿ ಹೆಂಡತಿ ಮಕ್ಕಳನ್ನು ಪುಣೆ ಬಸ್ಸಿಗೆ ಹತ್ತಿಸಿ, ಪುಣೆ ಕಡೆ ಬರೋರಿಗಿರೋ ಖಂಬಾಟಕಿ ಸುರಂಗದ ದಾರಿಯಲ್ಲಿ ವಾಪಸ್ ಬಂದೆ. ಸುರಂಗ ದಾಟಿದ ಮೇಲಿನ ಆ ಎಸ್ ತಿರುವನ್ನು 20ರಲ್ಲಿ ಇಳಿದೆ, ಹುಡುಗ ಮುಂದೆ ಬೈಕಿನಲ್ಲಿ. ಶಿರವಳದ ವಜನಕಾಟಾದಲ್ಲಿ ತೂಗಿಸಿದೆ. ಟ್ರೈಲರ್ 2,380 ಕೆಜಿ! ಒಂದೂವರೆ ಟನ್ ಅಂದಿದ್ದು ಬರೀ ಡಬ್ಬಿಯ ತೂಕವಂತೆ. ಎಸಿ, ಕಟ್ಟೆ, ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರು ಎಲ್ಲ ಲೆಕ್ಕದ ಹೊರಗೆ. 120 ಲೀಟರ್ ನೀರು ಅಂದರೆ 120 ಕೆಜಿ ಅನ್ನೋದು ಆರನೇ ಕ್ಲಾಸಿನ ಪಾಠ, ಬೈಯೋದಾದರೆ ನನ್ನನ್ನೂ ಬೈಯಿರಿ.

ಹುಡುಗನೇ ಇನ್ನೊಂದು ಉಪಾಯ ಹೇಳಿಕೊಟ್ಟ. ಟ್ರೈಲರ್ ಕಟ್ಟಿಕೊಂಡೇ ಬರೀ ಪಿಕಪ್ಪಿನ ಚಕ್ರ ತಕ್ಕಡಿ ಮೇಲೆ ನಿಲ್ಲಿಸಿ ತೂಗು, ಬಿಚ್ಚಿ ಮತ್ತೆ ತೂಗು, ವ್ಯತ್ಯಾಸವೇ ಹಿಚ್ ಮೇಲೆ ಬೀಳೋ ಭಾರ. ಟ್ರೈಲರ್ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಅಲ್ಲಿ ಬೀಳಬೇಕು, ಅಂದರೆ ಕಡಿಮೆ ಅಂದರೂ 238. ಬಂದಿದ್ದು 90. ನೀರಿನ ಟ್ಯಾಂಕ್, ಬ್ಯಾಟರಿ ಎಲ್ಲ ಹಿಂಭಾಗದಲ್ಲಿ, ಅದಕ್ಕೇ ಬಾಲ ಕುಣಿದಿದ್ದು. ಸರಿ, ಭಾರ ಮುಂದಕ್ಕೆ ತಂದರೆ? ಆ 238 ಕೆಜಿ ಪಿಕಪ್ಪಿನ ಪೇಲೋಡಿನಲ್ಲೇ, ಅಂದರೆ ಅದು ಹೊರಬಹುದಾದ ಭಾರದಲ್ಲೇ ಲೆಕ್ಕ. ಆರ್‌ಸಿಯಲ್ಲಿ ಗ್ರಾಸ್ ತೂಕದಿಂದ (ಭಾರ ತುಂಬಿದಾಗ ಇರಬಹುದಾದ ಗರಿಷ್ಠ ತೂಕ) ಖಾಲಿ ತೂಕ ಕಳೆದೆ, 485 ಬಂತು. ನಾವು ನಾಲ್ವರು 270. ಕೂಡಿದರೆ 508, ಬ್ಯಾಗು ಇನ್ನೂ ಇಟ್ಟಿಲ್ಲ. ಅತ್ತ ದರಿ ಇತ್ತ ಪುಲಿ. ಹಿಂದೆ ಭಾರ ಇಟ್ಟರೆ ಕುಣಿಯುತ್ತೆ, ಮುಂದೆ ಇಟ್ಟರೆ ಗಾಡಿ ಕೂರುತ್ತೆ. ಈ ಟ್ರೈಲರಿಗೆ ಈ ಗಾಡಿ ಆಗೋದೇ ಇಲ್ಲ, ವೈರ್ ಸರಿ ಮಾಡಿದರೂ ಆಗಲ್ಲ.

‘ನವಲೇ ಪುಲಾಚ್ಯಾ ಉತಾರಾವರ್ ಹೇ ಘೇವೂನ್ ಜಾವೂ ನಕಾ’ ಅಂದ ಹುಡುಗ, ನವಲೇ ಸೇತುವೆಯ ಇಳಿಜಾರಿಗೆ ಇದನ್ನು ತಗೊಂಡು ಹೋಗಬೇಡಿ ಅಂತ. ಕಾತ್ರಜ್ ಸುರಂಗದಿಂದ ನವಲೇ ಸೇತುವೆಗೆ ಇಳಿಯೋ ಆ ಇಳಿಜಾರಿನಲ್ಲಿ 2022ರ ನವೆಂಬರಿನಲ್ಲಿ ಲಾರಿಯೊಂದು ಸಾಲು ಸಾಲು ಗಾಡಿಗಳಿಗೆ ಗುದ್ದಿದ್ದನ್ನು ಪುಣೆಯವರಿಗೆ ಹೇಳಬೇಕಾಗಿಲ್ಲ. ಟ್ರೈಲರನ್ನು ಲಾರಿ ಮೇಲೆ ಹೇರಿಸಿ ತಂದೆ, ಅದಕ್ಕೆ 14,000 ಬೇರೆ.

ಇನ್ನು ಅವನ ಉತ್ತರಗಳು. ಮೊದಲ ದಿನ: ‘ಘಾಟಿನ್ಯಾಗ ಎಲ್ಲಾ ಗಾಡಿನೂ ಬಿಸಿ ಆಗ್ತಾವ್ರಿ ಸರ.’ ಎರಡನೇ ದಿನ: ‘ನೀವು ಲೋಡ್ ಜಾಸ್ತಿ ಹಾಕೀರಿ.’ ಬ್ರೇಕ್ ವೈರಿನ ಫೋಟೊ ಕಳಿಸಿದೆ, ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ನಾಲ್ಕು ದಿನ ಬಿಟ್ಟು: ‘ಅದು ಟ್ರೈಲರ್ ಮಾಡಿದವರ ಕೆಲಸ.’ ಟ್ರೈಲರ್ ಮಾಡಿದವನಿಗೆ ಕೇಳಿದರೆ ಅದು ಗಾಡಿಯವನ ಕೆಲಸ. ನಾನೇ ಅಂಗಡಿಗೆ ಹೋದೆ. ಈ ಸಲ ಚಹಾ ಬರಲಿಲ್ಲ, ಕನ್ನಡವೂ ಬರಲಿಲ್ಲ. ಮರಾಠಿಯಲ್ಲಿ, ಪಕ್ಕದ ಗಿರಾಕಿಗೆ ಕೇಳಿಸೋ ಹಾಗೆ, ಡೆಲಿವರಿ ಚೀಟಿ ತೋರಿಸಿದ: ‘ಆಹೇ ತ್ಯಾ ಸ್ಥಿತೀತ್’, ಇದ್ದ ಸ್ಥಿತಿಯಲ್ಲಿ ಒಪ್ಪಿಕೊಂಡಿದ್ದೇನೆ ಅಂತ. ಕೆಳಗೆ ನನ್ನದೇ ಸಹಿ. ‘ಎಳೀತದ ಅಂದೀನಿ, ನಿಲ್ತದ ಅಂತ ಅಂದಿನೇನು?’ ಇದನ್ನು ಮಾತ್ರ ಕನ್ನಡದಲ್ಲಿ ಹೇಳಿದ, ಮೆಲ್ಲಗೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಹಿಚ್‌ಗೆ ಕೊಟ್ಟ 38,000ಕ್ಕೆ ರಸೀದಿ ಇಲ್ಲ, ಜಿಎಸ್‌ಟಿ ಉಳಿಯುತ್ತೆ ಅಂತ ನಗದು ಕೊಟ್ಟಿದ್ದೆ. ಅದಕ್ಕೇ ಕೈ ಅರ್ಧ ಕಟ್ಟಿದೆ.

ನೀವಾದರೂ ಮೊದಲು ಟ್ರೈಲರನ್ನು ನೀರು, ಸಿಲಿಂಡರ್ ಸಮೇತ ತೂಗಿಸಿ, ಆ ಚೀಟಿ ಜೇಬಲ್ಲಿಟ್ಟುಕೊಂಡು ಆಮೇಲೆ ಗಾಡಿ ನೋಡೋಕೆ ಹೋಗಿ. ಆರ್‌ಸಿ ತೆಗೆಸಿ ಅಲ್ಲೇ ಕಳೆಯೋ ಲೆಕ್ಕ ಮಾಡಿ. ಬ್ರೇಕ್ ಕಂಟ್ರೋಲರ್ ಇದೆ ಅಂದರೆ ಕೈಯಿಂದ ಒತ್ತಿಸಿ, ಟ್ರೈಲರ್ ಚಕ್ರ ಹಿಡಿಯುತ್ತಾ ನೋಡಿ. ಗಾಡಿ ಕೆಳಗೆ ಮಲಗಿ ಹಿಚ್ ನೋಡಿ, ಶರ್ಟ್ ಕೊಳೆಯಾದರೆ ಆಗಲಿ. ಮಿರ್ಚಿ ತಿನ್ನಬೇಡಿ.

ಟ್ರೈಲರ್ ಈಗ ಸೊಸೈಟಿಯ ಹಿಂದೆ ನಿಂತಿದೆ, ಮಕ್ಕಳು ಅದರಲ್ಲಿ ಅಡುಗೆ ಆಟ ಆಡ್ತಾರೆ, ಸೆಕ್ರೆಟರಿ ಎರಡು ನೋಟಿಸ್ ಕೊಟ್ಟಿದ್ದಾನೆ. ಅವ್ವ ಫೋನ್ ಮಾಡಿದಾಗೆಲ್ಲ ‘ನಿನ್ನ ಮನಿ ಎಲ್ಲಿ ತನಕ ಬಂತಪಾ?’ ಅಂತಾಳೆ. ಹೋದ ವಾರ ಬೇರೆ ದಾರಿ ಕಾಣದೆ ಅದೇ ವ್ಯಾಪಾರಿಗೆ, ಗಾಡಿ ವಾಪಸ್ ತಗೊಳ್ತೀಯಾ ಅಂತ ಮೆಸೇಜ್ ಹಾಕಿದೆ. ಏಳೂಕಾಲು ಲಕ್ಷ ಅಂದ. ಹಿಚ್ಚಿಗೇ 38,000 ಕೊಟ್ಟಿದ್ದೀನಿ, ಅದನ್ನಾದರೂ ಸೇರಿಸು ಅಂದೆ. ಅದಕ್ಕೆ ಅರ್ಧ ನಿಮಿಷದಲ್ಲಿ ಉತ್ತರ ಬಂತು, ಕನ್ನಡದಲ್ಲೇ: ‘ಹಿಚ್ ಕೊಯ್ಸಿ ತಗಸ್ಕೊಂಡು ಬರ್ರಿ ಸರ. ಅದನ್ನ ನೋಡಿದ್ರ ಈ ಗಾಡಿ ಭಾಳ ಎಳದದ ಅಂತ ಗಿರಾಕಿ ಹೆದರ್ತಾರ.’