ಮ್ಯಾಂಚೆಸ್ಟರ್, ಎಡಿನ್‌ಬರ್ಗ್, ಬ್ರಿಸ್ಟಲ್: ಮನೆ ಎಲ್ಲಿ ಮಾಡುವುದು?

ಬ್ರಿಟನ್ನಿಗೆ ಹೋಗಿ ನೆಲೆಸಲು ಈ ಮೂರು ಊರುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ಲಂಡನ್ ಬೇಡ ಅಂತ ನೀವೇ ಹೇಳಿದ್ದೀರಿ, ಒಳ್ಳೆಯದಾಯಿತು. ಉಳಿದ ಮೂರನ್ನು ನೋಡೋಣ.

ಮೊದಲು ಖರ್ಚು. ಮೂರರಲ್ಲಿ ಬಾಡಿಗೆ ಸ್ವಲ್ಪ ಹಗುರ ಅನ್ನಿಸುವುದು ಮ್ಯಾಂಚೆಸ್ಟರ್‌ನಲ್ಲೇ. ಬ್ರಿಸ್ಟಲ್ ದುಬಾರಿ, ಮನೆ ಸಿಗುವುದೂ ಕಷ್ಟ. ಎಡಿನ್‌ಬರ್ಗ್ ಕೂಡ ಅಗ್ಗವಲ್ಲ, ಸಂಬಳ ಜಾಸ್ತಿ ಇದ್ದರೆ ಆ ಊರಿರುವ ಸ್ಕಾಟ್ಲೆಂಡಿನಲ್ಲಿ ಆದಾಯ ತೆರಿಗೆಯೂ ಜಾಸ್ತಿ. ಆದರೆ ಅಲ್ಲಿ ವೈದ್ಯರು ಬರೆದುಕೊಟ್ಟ ಔಷಧಿಗೆ 2011ರಿಂದ ದುಡ್ಡಿಲ್ಲ, 5ರಿಂದ 21 ವರ್ಷದವರಿಗೆ ಬಸ್ಸೂ ಉಚಿತ. ಮಕ್ಕಳಿದ್ದವರು ಇದನ್ನು ಲೆಕ್ಕ ಹಾಕಲೇಬೇಕು.

ಓಡಾಟಕ್ಕೆ ಮ್ಯಾಂಚೆಸ್ಟರ್‌ನ ಟ್ರಾಮ್ ಜಾಲ ದೊಡ್ಡದು, ವಿಮಾನ ನಿಲ್ದಾಣದವರೆಗೂ ಹೋಗುತ್ತದೆ. ಲಂಡನ್ನಿಗೆ ಆಗಾಗ ಹೋಗಬೇಕು ಅಂದರೆ ಬ್ರಿಸ್ಟಲ್ಲೇ ಮೇಲು, ರೈಲಿನಲ್ಲಿ ಎರಡು ಗಂಟೆಯೂ ಬೇಡ. ಎಡಿನ್‌ಬರ್ಗ್‌ನಿಂದ ನಾಲ್ಕೂವರೆ ಗಂಟೆ ಹಿಡಿಯುತ್ತದೆ.

ಹವೆ ವಿಷಯ ಸುಮ್ನೆ ತಳ್ಳಿಹಾಕಬೇಡಿ. ಡಿಸೆಂಬರ್‌ನಲ್ಲಿ ಎಡಿನ್‌ಬರ್ಗ್‌ನಲ್ಲಿ ಮಧ್ಯಾಹ್ನ 3:40ಕ್ಕೇ ಸೂರ್ಯ ಮುಳುಗುತ್ತಾನೆ, ನಮ್ಮ ಕಡೆಯಿಂದ ಹೋದವರಿಗೆ ಮೊದಲ ಚಳಿಗಾಲ ನಿಜಕ್ಕೂ ಭಾರ. ಅದೇ ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು, ಊರ ನಡುವೆಯೇ 251 ಮೀಟರ್ ಎತ್ತರದ ಹಳೆಯ ಜ್ವಾಲಾಮುಖಿ ಗುಡ್ಡ ಆರ್ಥರ್ಸ್ ಸೀಟ್, ಹತ್ತಿ ನಿಂತರೆ ಸಮುದ್ರ. ನನಗಂತೂ ಇಷ್ಟು ಚೆಂದದ ಊರು ಬ್ರಿಟನ್ನಿನಲ್ಲಿ ಇನ್ನೊಂದಿಲ್ಲ. ಬ್ರಿಸ್ಟಲ್‌ನಲ್ಲಿ ಚಳಿ ಕಡಿಮೆ, ಆದರೆ ಏರಿಳಿತದ ರಸ್ತೆಗಳು, ಮಂಡಿನೋವಿನ ಅಪ್ಪ ಅಮ್ಮ ಬಂದರೆ ಕಷ್ಟ. ಮ್ಯಾಂಚೆಸ್ಟರ್‌ನಲ್ಲಿ ಮಳೆ, ಮೋಡ. ಭಾನುವಾರ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳಿಗೆ ಹೋಗಿಬರಬಹುದು.

ಹೊಸದಾಗಿ ಬಂದು ದುಡ್ಡು ಉಳಿಸಬೇಕು, ಬೇಳೆ, ಮಸಾಲೆ ಸುಲಭವಾಗಿ ಸಿಗಬೇಕು ಅಂದರೆ ಮ್ಯಾಂಚೆಸ್ಟರ್. ವಿಮಾನ ತಯಾರಿಕೆಯ ಕೆಲಸವಾದರೆ ಬ್ರಿಸ್ಟಲ್. ಚಿಕ್ಕ ಮಕ್ಕಳಿದ್ದು, ಕತ್ತಲೆ ತಡೆದುಕೊಳ್ಳುತ್ತೀರಾದರೆ ಎಡಿನ್‌ಬರ್ಗ್. ಸಾಧ್ಯವಾದರೆ ಜನವರಿಯಲ್ಲೇ ಒಮ್ಮೆ ಹೋಗಿ ನೋಡಿ, ಆಮೇಲೆ ಬಾಡಿಗೆ ಕರಾರಿಗೆ ಸಹಿ ಹಾಕಿ.