ಹೊಗೆ ನೋಡಿ ರೋಗ ಹೇಳುವ ಗ್ಯಾರೇಜು

ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಿ ಎರಡು ತಿಂಗಳಾಗಿರಲಿಲ್ಲ; ಕುಮಟಾದಿಂದ ಶಿರಸಿಗೆ ಚಿರೆಕಲ್ಲು ಹೊರುವ ನನ್ನ ಲಾರಿ 150 ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ಕಟ್ಟಿದವನು "ಪಿಸ್ಟನ್ ಸುತ್ತಲಿನ ಹೊಸ ರಿಂಗ್ ಸಿಲಿಂಡರಿಗೆ ಹೊಂದಿ ಕೂರಬೇಕು, ಓಡಿಸಿ" ಎಂದು ಮೂರು ಸಲ ಸಾಗಹಾಕಿದ.

ಕೊನೆಗೆ ಶಿರಸಿಯ ಹುಬ್ಬಳ್ಳಿ ರಸ್ತೆಯ ಸಣ್ಣ ಗ್ಯಾರೇಜಿಗೆ ಒಯ್ದೆ. ಸ್ಪ್ಯಾನರ್ ಮುಟ್ಟುವ ಮೊದಲೇ ಮೇಸ್ತ್ರಿ ಕೇಳಿದರು: "ನೀಲಿ ಹೊಗೆ ದೇವಿಮನೆ ಘಟ್ಟ ಹತ್ತುವಾಗಲೋ, ಇಳಿದು ಮತ್ತೆ ಆಕ್ಸಿಲರೇಟರ್ ತುಳಿದಾಗಲೋ?" ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಇಳಿದ ಮೇಲಾದರೆ ಮೊದಲ ಅನುಮಾನ ವಾಲ್ವಿನ ಬಳಿ ಆಯಿಲ್ ತಡೆಯುವ ಸೀಲಿನ ಮೇಲೆ, ಹತ್ತುವಾಗಲಾದರೆ ರಿಂಗಿನ ಮೇಲೆ. ನನ್ನದು ಹತ್ತುವಾಗ. ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊದಿಂದ ಆಯಿಲ್ ಸೋರುತ್ತಿದೆಯೇ ಎಂದು ಅದರ ಪೈಪು ಬಿಚ್ಚಿದರು, ಒಣಗಿತ್ತು. ಕಂಪ್ರೆಷನ್, ಅಂದರೆ ಒಳಗೆ ಗಾಳಿ ಒತ್ತಿದಾಗಿನ ಒತ್ತಡ, ಆರೂ ಸಿಲಿಂಡರಿನಲ್ಲಿ ಸರಿಯಿತ್ತು. ಹಾಗಾದರೆ ರಿಂಗ್ ಸರಿಯಿದೆಯೆಂದು ನಾನು ಹಿಗ್ಗಿದೆ, ಅವರ ಮುಖ ಅರಳಲಿಲ್ಲ. ಪಿಸ್ಟನ್ ಹೊರಬಂದಾಗ ಗುಟ್ಟು ಬಯಲಾಯಿತು: ನಾಲ್ಕು ಪಿಸ್ಟನ್ನುಗಳಲ್ಲಿ ಎರಡನೇ ರಿಂಗಿನ 'ಟಾಪ್' ಗುರುತು ಕೆಳಮುಖ! ಆಯಿಲನ್ನು ಕೆರೆದು ಇಳಿಸಬೇಕಾದ ಅಂಚು ಅದನ್ನು ಮೇಲಕ್ಕೆ ತಳ್ಳುತ್ತಿತ್ತು. ಸಿಲಿಂಡರಿನ ಒಳಗೋಡೆಯಾದ ಲೈನರನ್ನು ಉಜ್ಜಿ ಹೋನಿಂಗ್ ಮಾಡಿ ಹೊಸ ರಿಂಗ್ ಹಾಕಿದರು.

ಕೊರತೆಯೂ ಇದೆ. ನಾಲ್ಕು ದಿನ ಎಂದವರು ಒಂಬತ್ತು ದಿನ ತೆಗೆದುಕೊಂಡರು, ಬಿಲ್ಲೆಂದರೆ ಕೈಬರಹದ ಚೀಟಿ, ಕೂರಲು ಹಳೆಯ ಟಯರು. ಆದರೆ ಆಮೇಲೆ 2,000 ಕಿಲೋಮೀಟರ್ ಓಡಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕೂದಲೆಳೆಯಷ್ಟು ಇಳಿದಿದೆ, ಅಷ್ಟೇ.