ಹಳೇ ಅಮಿಗಾಗೆ ಬದಲಿ ಡ್ರೈವ್: ಬಿ.ಎಚ್. ರಸ್ತೆಯ ರಿಪೇರಿ ಅಂಗಡಿ

ಮಾವ ದುಬೈನಿಂದ ತಂದಿದ್ದ ಅಮಿಗಾ 500 ಅನ್ನೋ ಹಳೇ ಕಂಪ್ಯೂಟರ್ ಅಟ್ಟದ ಮೇಲಿತ್ತು. ಆನ್ ಆಗುತ್ತಿತ್ತು, ಫ್ಲಾಪಿ ಮಾತ್ರ ಓದುತ್ತಿರಲಿಲ್ಲ. ಕಿರ್ ಕಿರ್ ಅಂದು ಸುಮ್ಮನಾಗುತ್ತಿತ್ತು.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಟಿವಿ ರಿಪೇರಿಯ ಒಂದು ಪುಟ್ಟ ಅಂಗಡಿಗೆ ಒಯ್ದೆ. "ಇದೇನ್ ಸಾರ್, ಬರೀ ಕೀಬೋರ್ಡ್ ತಂದಿದ್ದೀರಾ?" ಅಂದರು. ಅವರದ್ದೇನು ತಪ್ಪು? ಇಡೀ ಕಂಪ್ಯೂಟರ್ ಕೀಬೋರ್ಡಿನ ಒಳಗೇ ಇದೆ ಅಲ್ವಾ!

ಬದಲಿಗೆ ನಾನು ಕೊಟ್ಟಿದ್ದು ಹಳೇ ಪಿಸಿಯ ಡ್ರೈವ್. 34 ಪಿನ್‌ನ ಕೇಬಲ್ ಚೆನ್ನಾಗೇ ಕೂತಿತು, ಆದರೆ ಡ್ರೈವ್ ಮಿಸುಕಲಿಲ್ಲ. ಪಿಸಿ ಡ್ರೈವ್ ಡಿಎಸ್1 (ಡ್ರೈವ್ ಸೆಲೆಕ್ಟ್, ಅಂದರೆ ಡ್ರೈವಿನ ಗುರುತು ಸಂಖ್ಯೆ 1) ಅಂತ ಸೆಟ್ ಆಗಿರುತ್ತದೆ, ಅಮಿಗಾಗೆ ಡಿಎಸ್0 ಬೇಕು. ಡಿಸ್ಕ್ ಬದಲಾಯಿತು ಅನ್ನುವ ಸಿಗ್ನಲ್ ಪಿಸಿಯಲ್ಲಿ 34ನೇ ಪಿನ್, ಅಮಿಗಾದಲ್ಲಿ 2ನೆಯದು. 34ರಲ್ಲಿ ಅಮಿಗಾ ಕೇಳುವುದು 'ರೆಡಿ' ಸಿಗ್ನಲ್. ಇದನ್ನೆಲ್ಲ ಬದಲಿಸುವ ವೈರಿಂಗ್ ನಕ್ಷೆಯ ಪ್ರಿಂಟ್ ತೋರಿಸಿದೆ. ಅಂಗಡಿಯವರು ಭೂತಗನ್ನಡಿ ಹಿಡಿದು, ಕೂದಲೆಳೆಯಂಥ ವೈರ್‌ಗಳನ್ನು ಉಸಿರು ಬಿಗಿಹಿಡಿದು ಸೋಲ್ಡರ್ ಮಾಡಿದರು. ನೋಡೋಕೇ ಖುಷಿ.

ವರ್ಕ್‌ಬೆಂಚ್ 1.3 (ಅಮಿಗಾದ ಡೆಸ್ಕ್‌ಟಾಪ್ ಸಾಫ್ಟ್‌ವೇರ್) ಫ್ಲಾಪಿಯಿಂದ ಲೋಡ್ ಆಯಿತು! 400 ರೂಪಾಯಿ ತಗೊಂಡರು, ಜಾಸ್ತಿ ಅನ್ನಿಸಲಿಲ್ಲ. ಬೇಜಾರು ಎರಡೇ. ಎರಡು ದಿನ ಅಂದವರು ಒಂಬತ್ತು ದಿನ ಓಡಾಡಿಸಿದರು. ಡಿಸ್ಕ್ ಹೊರತೆಗೆಯುವ ಬಟನ್ ಕೇಸಿನ ತೂತಿಗೆ ಸರಿಯಾಗಿ ಬರಲಿಲ್ಲ. ಅದನ್ನು ಮನೆಯಲ್ಲಿ ನಾನೇ ಅರ ಹಾಕಿ ಉಜ್ಜಿದೆ.